ಗಾಡಿ ಮೊದಲೋ, ಎಂಜಿನ್ ಮೊದಲೋ? ಒಂದು ಗಾಲ್ಫ್ ಕಾರ್ಟಿನ ಲೆಕ್ಕ

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ಅಮೆರಿಕದಲ್ಲಿರುವ ನಮ್ಮ ಸೀನಿಯರ್ ಒಬ್ಬರು "ಗ್ಯಾಸ್ ಗಾಲ್ಫ್ ಕಾರ್ಟ್ ಕಟ್ಟಬೇಕು ಅಂತಿದೀನಿ, ನೀವೂ ಸ್ವಲ್ಪ ಲೆಕ್ಕ ಹಾಕಿ ನೋಡ್ರೋ" ಅಂತ ಮೆಸೇಜ್ ಹಾಕಿದಾಗ, ನಮ್ಮ ಗುಂಪಲ್ಲಿ ಇಬ್ಬರು ಸೀಟಿನ ಹಿಂದೆ ಸಿಲಿಂಡರ್ ಇಟ್ಟ ಎಲ್‌ಪಿಜಿ ಆಟೊವನ್ನೇ ಕಲ್ಪಿಸಿಕೊಂಡಿದ್ದರು. ಅಲ್ಲಿ ಪೆಟ್ರೋಲಿಗೇ ಗ್ಯಾಸ್ ಅನ್ನೋದು. ಅಂದರೆ ನಾವಿಲ್ಲಿ ಮಾತಾಡ್ತಿರೋದು ಪೆಟ್ರೋಲ್ ಎಂಜಿನ್ನಿನ ಗಾಲ್ಫ್ ಕಾರ್ಟ್ ಬಗ್ಗೆ. ಮೈಸೂರು ಮೃಗಾಲಯದಲ್ಲಿ, ಲಾಲ್‌ಬಾಗಿನಲ್ಲಿ ಸದ್ದಿಲ್ಲದೆ ಓಡಾಡುವ ಬ್ಯಾಟರಿ ಗಾಡಿಗಳ ದೊಡ್ಡಪ್ಪನ ಮಗ ಅನ್ನಬಹುದು. ಮೈಕಟ್ಟು ಒಂದೇ, ಹೊಟ್ಟೆಯೊಳಗಿರೋದು ಬೇರೆ.

ಆ ಅಣ್ಣ ಇರೋದು ಜಾರ್ಜಿಯಾ ರಾಜ್ಯದ ಪೀಚ್‌ಟ್ರೀ ಸಿಟಿಯಲ್ಲಿ, ಅಟ್ಲಾಂಟಾದಿಂದ ದಕ್ಷಿಣಕ್ಕೆ. ಆ ಊರಿನ ವಿಶೇಷ ಏನಂದರೆ ರಸ್ತೆಗಳ ಜೊತೆಗೇ ಸುಮಾರು 160 ಕಿ.ಮೀ. ಉದ್ದದ ಕಾರ್ಟ್ ದಾರಿಗಳಿವೆ. ಮರಗಳ ನಡುವೆ, ಕೆರೆ ದಂಡೆಯಲ್ಲಿ, ದೊಡ್ಡ ರಸ್ತೆ ಬಂದರೆ ಅದರ ಕೆಳಗಿನ ಸುರಂಗದಲ್ಲಿ ಹಾದು ಜನ ಅಂಗಡಿಗೆ, ಪಾರ್ಕಿಗೆ, ಶಾಲೆಗೆ ಗಾಲ್ಫ್ ಕಾರ್ಟಿನಲ್ಲೇ ಹೋಗುತ್ತಾರೆ. ಗಾಲ್ಫ್ ಆಡದವರ ಮನೆಯಲ್ಲೂ ಕಾರ್ಟ್ ಇರುತ್ತದೆ. ಅಣ್ಣನ ಅಮ್ಮ ಹಾಸನದಿಂದ ಆರು ತಿಂಗಳಿಗೆ ಅಂತ ಅಲ್ಲಿಗೆ ಹೋಗುವವರಿದ್ದರು. ಅವರಿಗೆ ಮಂಡಿನೋವು. ಸಂಜೆ ಹೊತ್ತು ಅಮ್ಮನನ್ನು ಹೊರಗೆ ಕರೆದುಕೊಂಡು ಹೋಗೋಕೆ ಒಂದು ಗಾಡಿ ಬೇಕು, ಹೊಸದು ತಗೊಳ್ಳೋಕೆ ದುಡ್ಡು ಜಾಸ್ತಿ, ಜೊತೆಗೆ ಮೆಕ್ಯಾನಿಕಲ್ ಓದಿದ ಮನುಷ್ಯನ ಕೈ ಸುಮ್ಮನಿರಲ್ಲ. ಹಾಗಾಗಿ ಹಳೆ ಕಾರ್ಟ್ ಒಂದನ್ನು ಕೊಂಡು, ಬೇಕಾದ ಎಂಜಿನ್ ಕೂರಿಸುವ ಯೋಚನೆ.

ಕೇಳಿದ್ದು ಎರಡೇ ಪ್ರಶ್ನೆ. ಯಾವ ಗಾಡಿ? ಯಾವ ಎಂಜಿನ್?

ನಾವು ಐದು ಜನ ಹಾಸ್ಟೆಲ್ ರೂಮಿನಲ್ಲಿ ಕೂತು ಹದಿನೈದು ನಿಮಿಷದಲ್ಲಿ ಎರಡನೇ ಪ್ರಶ್ನೆಗೆ ಉತ್ತರ ಕೊಟ್ಟೆವು. ಮೊದಲನೆಯದಕ್ಕೆ "ಯಾವುದಾದ್ರೂ ಸರಿ ಅಣ್ಣ" ಅಂದೆವು. ನಮ್ಮ ಉತ್ತರ: ಎರಡು ಸಿಲಿಂಡರಿನ, 688 ಸಿಸಿ, ಹೋಂಡಾ ಜಿಎಕ್ಸ್690. 22 ಎಚ್‌ಪಿ. ಕಾರಣ? 22 ಅನ್ನೋದು 11ಕ್ಕಿಂತ ದೊಡ್ಡದು. ಅಷ್ಟೇ. ಮಾರನೇ ದಿನ ಅಣ್ಣ ಒಂದೇ ಸಾಲು ಬರೆದರು: "ಬ್ರೇಕ್ ಎಲ್ಲಿದೆ ಅಂತ ನೋಡಿದ್ರಾ?"

ನೋಡಿರಲಿಲ್ಲ. ಅಲ್ಲಿಂದ ಶುರುವಾಯಿತು ನಿಜವಾದ ಓದು.

ಸ್ಪೀಡ್ ಬರೋದು ಎಲ್ಲಿಂದ?

ಪೆಟ್ರೋಲ್ ಕಾರ್ಟಿನ ಹೊಟ್ಟೆಯೊಳಗಿನ ವ್ಯವಸ್ಥೆ ನಮಗೆಲ್ಲ ಗೊತ್ತಿರೋದೇ. ಆಕ್ಟಿವಾ ಬಿಚ್ಚಿ ನೋಡಿದವರಿಗೆ ಹೊಸದೇನಿಲ್ಲ. ಎಂಜಿನ್ ಶಾಫ್ಟಿನ ಮೇಲೆ ಒಂದು ಪುಲ್ಲಿ, ಹಿಂದೆ ಗೇರ್ ಬಾಕ್ಸಿನ ಶಾಫ್ಟಿನ ಮೇಲೆ ಇನ್ನೊಂದು ಪುಲ್ಲಿ, ನಡುವೆ ರಬ್ಬರ್ ಬೆಲ್ಟ್. ಎಂಜಿನ್ ವೇಗ ಏರಿದಂತೆ ಮುಂದಿನ ಪುಲ್ಲಿ ಮುಚ್ಚಿಕೊಂಡು ಬೆಲ್ಟನ್ನು ಮೇಲಕ್ಕೆ ದೂಡುತ್ತದೆ, ಹಿಂದಿನದು ತೆರೆದುಕೊಳ್ಳುತ್ತದೆ. ಹೊರಡುವಾಗ ಸುಮಾರು ಮೂರಕ್ಕೆ ಒಂದು, ಪೂರ್ತಿ ವೇಗದಲ್ಲಿ ಸುಮಾರು ಒಂದಕ್ಕೆ ಒಂದು ಅನುಪಾತ ಅಂತ ಇಟ್ಟುಕೊಳ್ಳೋಣ. ಆಮೇಲೆ ಆಕ್ಸಲ್ಲಿನೊಳಗಿನ ಗೇರುಗಳು. ಲೆಕ್ಕಕ್ಕೆ ಅದನ್ನು 11ಕ್ಕೆ 1 ಅಂತ ತಗೊಂಡೆವು.

ಈಗ ಟೈರು. ಸಾಮಾನ್ಯ ಕಾರ್ಟಿನದು 18 ಇಂಚು ವ್ಯಾಸ, ಅಂದರೆ ಒಂದು ಸುತ್ತಿಗೆ ಸುಮಾರು 1.44 ಮೀಟರ್. ಜನರೇಟರಿಗೆ, ವಾಟರ್ ಪಂಪಿಗೆ ಬರುವ ಈ ಸಣ್ಣ ಎಂಜಿನ್ನುಗಳೆಲ್ಲ ಸಾಮಾನ್ಯವಾಗಿ 3600 ಆರ್‌ಪಿಎಂಗೆ ಗವರ್ನರ್ ಕಟ್ಟಿಕೊಂಡು ಬರುತ್ತವೆ. 3600ನ್ನು 11ರಿಂದ ಭಾಗಿಸಿ 1.44ರಿಂದ ಗುಣಿಸಿ, ಗಂಟೆಗೆ ತಂದರೆ ಸುಮಾರು 28 ಕಿ.ಮೀ. ಇದೇ ಲೆಕ್ಕಕ್ಕೆ 22 ಇಂಚಿನ ಟೈರು ಹಾಕಿದರೆ ಸುಮಾರು 34.5 ಕಿ.ಮೀ.

ಈ ಲೆಕ್ಕದಲ್ಲಿ ಎಚ್‌ಪಿ ಅನ್ನೋ ಪದ ಎಲ್ಲಾದರೂ ಬಂತಾ? ಬರಲಿಲ್ಲ. 11 ಎಚ್‌ಪಿ ಎಂಜಿನ್ 3600ರಲ್ಲಿ ತಿರುಗಿದರೂ 28, 22 ಎಚ್‌ಪಿಯದು ತಿರುಗಿದರೂ ಅದೇ 28. ಸಮತಟ್ಟು ನೆಲದಲ್ಲಿ ಅಷ್ಟು ವೇಗ ಹಿಡಿಯುವಷ್ಟು ಶಕ್ತಿ ಇದ್ದರೆ ಸಾಕು, ಮಿಕ್ಕಿದ್ದೆಲ್ಲ ಅನುಪಾತ ಮತ್ತು ಟೈರಿನ ಕೆಲಸ. ನಮ್ಮಲ್ಲಿ ಬಾಹಾ ಟೀಮಿನಲ್ಲಿದ್ದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಬಾಹಾದಲ್ಲಿ ವರ್ಷಗಟ್ಟಲೆ ಎಲ್ಲ ಕಾಲೇಜಿಗೂ ಅದೇ 10 ಎಚ್‌ಪಿ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಎಂಜಿನ್. ಆದರೂ ಒಂದು ಗಾಡಿ ಮುಂದೆ, ಇನ್ನೊಂದು ಹಿಂದೆ. ಅಷ್ಟು ದಿನ ಗ್ರೀಸ್ ಬಳಿದುಕೊಂಡು ಕೆಲಸ ಮಾಡಿದವನು ಹಾಸ್ಟೆಲ್ ರೂಮಿನಲ್ಲಿ ಯಾಕೆ ಮರೆತ ಅಂತ ಕೇಳಿದರೆ, "ಇಲ್ಲಿ ರೂಲ್ ಬುಕ್ ಇರಲಿಲ್ವಲ್ಲ" ಅಂದ.

ಹಾಗಾದರೆ ಎಚ್‌ಪಿ ಬೇಕಾಗೋದು ಎಲ್ಲಿ? ಏರಿನಲ್ಲಿ. ಕಾರ್ಟು, ಮೇಲಿನ ಚಾವಣಿ, ಹಿಂದಿನ ಸೀಟು ಎಲ್ಲ ಸೇರಿ 400 ಕೆ.ಜಿ., ಅಣ್ಣ, ಅತ್ತಿಗೆ, ಮಗಳು, ಅಮ್ಮ, ಒಂದೆರಡು ಚೀಲ ಸೇರಿ 250. ಒಟ್ಟು 650 ಕೆ.ಜಿ. ನೂರು ಮೀಟರಿಗೆ ಹತ್ತು ಮೀಟರ್ ಏರುವ ಗಟ್ಟಿ ಏರನ್ನು 20 ಕಿ.ಮೀ. ವೇಗದಲ್ಲಿ ಹತ್ತಬೇಕು. ಇಳಿಜಾರು ಹಿಂದಕ್ಕೆ ಎಳೆಯುವುದು ಸುಮಾರು 635 ನ್ಯೂಟನ್. ಟಾರಿನ ಮೇಲೆ ಚಕ್ರ ಉರುಳುವ ಪ್ರತಿರೋಧ ಸುಮಾರು 127. ಕೂಡಿಸಿ ವೇಗದಿಂದ ಗುಣಿಸಿದರೆ 4.2 ಕಿಲೋವ್ಯಾಟ್. ಬೆಲ್ಟು, ಗೇರುಗಳಲ್ಲಿ ನೂರಕ್ಕೆ ಮೂವತ್ತು ಸೋರಿಹೋಗುತ್ತೆ ಅಂದುಕೊಂಡರೂ ಎಂಜಿನ್ ಕೊಡಬೇಕಾದ್ದು ಸುಮಾರು 6 ಕಿಲೋವ್ಯಾಟ್. ಅಂದರೆ 8 ಎಚ್‌ಪಿ ಚಿಲ್ಲರೆ.

ಬರೀ 8! ನಾವು ಶಿಫಾರಸು ಮಾಡಿದ್ದು 22.

ಇನ್ನೊಂದು ಲೆಕ್ಕವೂ ಮಾಡಿದೆವು, ಮೊದಲ ಲೆಕ್ಕ ನಂಬಿಕೆ ಬರಲಿಲ್ಲವಾದ್ದರಿಂದ. ಅದೇ ಕಂಪನಿಯ ಒಂದೇ ಸಿಲಿಂಡರಿನ ಜಿಎಕ್ಸ್390 ಎಂಜಿನ್ನಿನ ಗರಿಷ್ಠ ಟಾರ್ಕ್ 26.5 ನ್ಯೂಟನ್ ಮೀಟರ್. ಹೊರಡುವಾಗ ಬೆಲ್ಟು ಅದನ್ನು ಮೂರು ಪಟ್ಟು, ಆಕ್ಸಲ್ ಹನ್ನೊಂದು ಪಟ್ಟು ಮಾಡುತ್ತೆ. ಸೋರಿಕೆ ಕಳೆದರೆ ಚಕ್ರದ ಹತ್ತಿರ ಸುಮಾರು 610 ನ್ಯೂಟನ್ ಮೀಟರ್. ಈಗ ಟೈರಿನ ಕಡೆಯಿಂದ ನೋಡಿ. ಒಟ್ಟು ತೂಕದ ನೂರಕ್ಕೆ ಅರವತ್ತು ಹಿಂದಿನ ಚಕ್ರಗಳ ಮೇಲಿದೆ, ಒಣ ಟಾರಿನ ಮೇಲೆ ಘರ್ಷಣೆ 0.7 ಅಂತಿಟ್ಟುಕೊಂಡರೆ, 18 ಇಂಚಿನ ಟೈರು ಜಾರದೆ ನೆಲಕ್ಕೆ ದಾಟಿಸಬಲ್ಲದ್ದೂ ಹೆಚ್ಚುಕಡಿಮೆ 610. ಒದ್ದೆ ಹುಲ್ಲಾದರೆ ಇನ್ನೂ ಕಡಿಮೆ. ಅಂದರೆ ಹೊರಡುವ ಹೊತ್ತಿಗೆ ಒಂದು ಸಿಲಿಂಡರಿನ ಎಂಜಿನ್ನೇ ಟೈರಿನ ಹಿಡಿತದ ಅಂಚಿಗೆ ಬಂದು ನಿಂತಿರುತ್ತದೆ. ಜಿಎಕ್ಸ್690 ಕೊಡುವ 48.3 ನ್ಯೂಟನ್ ಮೀಟರಿನಲ್ಲಿ ಮಿಕ್ಕಿದ್ದು ಟೈರು ಸುಡೋಕೆ, ಬೆಲ್ಟು ಸುಡೋಕೆ, ಅಥವಾ ಆಕ್ಸಲ್ಲಿನ ಹಲ್ಲು ಮುರಿಯೋಕೆ. ಜೊತೆಗೆ ಅದು ಸುಮಾರು 45 ಕೆ.ಜಿ., ಚಿಕ್ಕದು ಸುಮಾರು 32. ಆ ಹದಿಮೂರು ಕೆ.ಜಿ. ಹೋಗಿ ಕೂರೋದು ಹಿಂದಿನ ಆಕ್ಸಲ್ಲಿನ ಹತ್ತಿರ.

ಬ್ರೇಕ್ ಎಲ್ಲಿದೆ?

ಅಣ್ಣ ಕೇಳಿದ ಪ್ರಶ್ನೆಗೆ ಉತ್ತರ: ಹಿಂದಿನ ಎರಡು ಚಕ್ರಗಳಲ್ಲಿ ಮಾತ್ರ. ಹೆಚ್ಚಿನ ಹಳೇ ಕಾರ್ಟುಗಳಲ್ಲಿ ಡ್ರಮ್ ಬ್ರೇಕು, ಕೇಬಲ್ಲಿನಲ್ಲಿ ಎಳೆಯುವಂಥದ್ದು. ಮುಂದೆ ಏನೂ ಇಲ್ಲ. ಹಳೇ ಲೂನಾದ ಬ್ರೇಕಿನ ತಮ್ಮ ಅನ್ನಿ.

ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಸರಿಯುತ್ತೆ ಅಂತ ಮೂರನೇ ಸೆಮಿಸ್ಟರಿನಲ್ಲೇ ಓದಿದ್ದೇವೆ. ಬ್ರೇಕ್ ಇರೋದು ಹಿಂದೆ, ಭಾರ ಹೋಗೋದು ಮುಂದೆ. ಗಾಲಿಗಳ ನಡುವಿನ ಉದ್ದ 1.65 ಮೀಟರ್, ಗುರುತ್ವ ಕೇಂದ್ರದ ಎತ್ತರ 0.6 ಮೀಟರ್ ಅಂತ ಇಟ್ಟುಕೊಂಡು ಲೆಕ್ಕ ಹಾಕಿದರೆ, ಒಣ ಟಾರಿನ ಮೇಲೆ ಈ ಗಾಡಿ ಗುರುತ್ವದ ಮೂರನೇ ಒಂದು ಭಾಗದಷ್ಟು ಮಾತ್ರ ವೇಗ ತಗ್ಗಿಸಬಲ್ಲದು. ಅದೂ ಶೂ, ಕೇಬಲ್ ಎಲ್ಲ ಸರಿಯಾಗಿದ್ದರೆ. 20 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದ ಮೇಲೆ ಸುಮಾರು 4.7 ಮೀಟರಿಗೆ ನಿಲ್ಲುತ್ತೆ. 40ರಲ್ಲಿ ಸುಮಾರು 19 ಮೀಟರ್. ಕಾಲು ಎತ್ತಿ ಇಡುವ ಒಂದು ಸೆಕೆಂಡನ್ನೂ ಸೇರಿಸಿದರೆ 10 ಮೀಟರ್ ಎಲ್ಲಿ, 30 ಮೀಟರ್ ಎಲ್ಲಿ! ಆ ದಾರಿಯಲ್ಲಿ ಸೈಕಲ್ಲಿನ ಮಕ್ಕಳು, ನಾಯಿ ಹಿಡಿದುಕೊಂಡು ನಡೆಯುವವರು ಎಲ್ಲರೂ ಇರುತ್ತಾರೆ.

ತಿರುವಿನ ಕಥೆ ಇನ್ನೂ ಬಿಗಿ. ಚಕ್ರಗಳ ನಡುವಿನ ಅಗಲ ಹೆಚ್ಚೆಂದರೆ ಒಂದು ಮೀಟರಿನ ಆಸುಪಾಸು. ನಾವು 0.95 ಅಂತ ತಗೊಂಡೆವು. ಮಗುಚೋ ಅಂಚು 0.79 ಜಿ. ಆರು ಮೀಟರ್ ತ್ರಿಜ್ಯದ ತಿರುವಿನಲ್ಲಿ 20 ಕಿ.ಮೀ.ಗೆ ಅಡ್ಡ ಎಳೆತ 0.52 ಜಿ. 25 ಕಿ.ಮೀ.ಗೆ 0.82. ಬರೀ ಐದು ಕಿ.ಮೀ. ವ್ಯತ್ಯಾಸ, ಗಾಡಿ ಒಂದೋ ಜಾರುತ್ತೆ, ಇಲ್ಲವೋ ಎರಡು ಚಕ್ರದ ಮೇಲೆ ಏಳುತ್ತೆ. ಅಮೆರಿಕದಲ್ಲಿ ದೊಡ್ಡ ಟೈರು ಹಾಕೋಕೆ ಅಂತ ಗಾಡಿಯನ್ನು ಆರಿಂಚು ಎತ್ತರಿಸುವ ಕಿಟ್ಟುಗಳು ಸಿಗುತ್ತವೆ, ನೋಡೋಕೆ ಭರ್ಜರಿ. ಅದನ್ನು ಹಾಕಿದರೆ ಆ 0.79 ಇಳಿದು 0.63ಕ್ಕೆ ಬರುತ್ತೆ. ನಮ್ಮ ಲೆಕ್ಕ ಒರಟು ಲೆಕ್ಕವೇ. ಸ್ಪ್ರಿಂಗ್ ಒಂದು ಕಡೆಗೆ ವಾಲೋದು, ಜನ ವಾಲೋದು ಯಾವುದನ್ನೂ ಹಿಡಿದಿಲ್ಲ. ಅವನ್ನೂ ಹಿಡಿದರೆ ಅಂಕಿ ಇನ್ನೂ ಕೆಳಗೇ ಹೋಗುತ್ತೆ.

ಗಾಡಿ ಮಗುಚೋಕೆ ಮುಂಚೆ ಜನ ಬೀಳುತ್ತಾರೆ ಅನ್ನೋದು ಬೇರೆ. ಬಾಗಿಲಿಲ್ಲ, ಬೆಲ್ಟಿಲ್ಲ. ಹಿಂದಿನ ಸೀಟು ಹಿಂದಕ್ಕೆ ಮುಖ ಮಾಡಿರುತ್ತದೆ. ಅಲ್ಲಿ ಕೂತವರು ಗಾಡಿ ಜೋರಾಗಿ ಹೊರಟರೆ ಮುಂದಕ್ಕೆ, ಅಂದರೆ ಬಯಲಿಗೇ ಎಸೆಯಲ್ಪಡುತ್ತಾರೆ. ಆ ಸೀಟಿನಲ್ಲಿ ಮಂಡಿನೋವಿನ ಅಮ್ಮ ಕೂತಿದ್ದಾರೆ ಅಂತ ಚಿತ್ರ ಬರೆದುಕೊಂಡು ನೋಡಿದ ಮೇಲೆ, ನಮ್ಮಲ್ಲಿ ಯಾರೂ 22 ಎಚ್‌ಪಿ ಮಾತೆತ್ತಲಿಲ್ಲ. ಅಮ್ಮ ಮುಂದಿನ ಸೀಟಲ್ಲೇ ಕೂರಲಿ, ಹಿಂದಿನ ಸೀಟಿಗೆ ಸೀಟ್ ಬೆಲ್ಟ್ ಹಾಕಿಸಿ ಅಂತ ಬರೆದೆವು. ಅದನ್ನು ಯಾರೂ ಕೇಳಿರಲಿಲ್ಲ.

ಕಾನೂನೂ ಇಲ್ಲಿ ಅಡ್ಡ ಬರುತ್ತೆ, ಬರಬೇಕಾದ್ದೇ. ಅಲ್ಲಿನ ಮಾನದಂಡದ ಪ್ರಕಾರ ಗಾಲ್ಫ್ ಕಾರು ಅಂದರೆ ಸಮತಟ್ಟು ನೆಲದಲ್ಲಿ ಗಂಟೆಗೆ 15 ಮೈಲಿ, ಅಂದರೆ 24 ಕಿ.ಮೀ. ಮೀರದ ಗಾಡಿ. 20ರಿಂದ 25 ಮೈಲಿ ಓಡಬಲ್ಲದ್ದಕ್ಕೆ 1998ರಿಂದ ಬೇರೆಯೇ ವರ್ಗ ಇದೆ. ಅದಕ್ಕೆ ಸೀಟ್ ಬೆಲ್ಟು, ದೀಪ, ಕನ್ನಡಿ, ಮುಂದಿನ ಗಾಜು ಎಲ್ಲ ಕಡ್ಡಾಯ. ನಮ್ಮ 22 ಇಂಚಿನ ಟೈರಿನ ಲೆಕ್ಕ ಬಂದದ್ದು 34.5 ಕಿ.ಮೀ. ಅಂದರೆ 21 ಮೈಲಿ ಚಿಲ್ಲರೆ. ಬರೀ ಟೈರು ಬದಲಿಸಿದ್ದಕ್ಕೆ ಗಾಡಿಯ ಜಾತಿಯೇ ಬದಲಾಗಿಬಿಡುತ್ತೆ.

ಗಾಡಿ ಆರಿಸೋದು

ಈಗ ನಾವು "ಯಾವುದಾದ್ರೂ ಸರಿ" ಅಂದ ಮೊದಲ ಪ್ರಶ್ನೆಗೆ ಬರೋಣ. ಜಾರ್ಜಿಯಾದಲ್ಲಿದ್ದು ಗಾಲ್ಫ್ ಕಾರ್ಟ್ ಹುಡುಕೋದು ಅಂದರೆ ಚನ್ನಪಟ್ಟಣದಲ್ಲಿದ್ದು ಬೊಂಬೆ ಹುಡುಕಿದ ಹಾಗೆ. ಈಝೀಗೋ ಕಂಪನಿ ಅಗಸ್ಟಾದ್ದು, ಕ್ಲಬ್ ಕಾರ್ ಅದರ ಪಕ್ಕದ ಎವನ್ಸ್‌ನದ್ದು, ಯಮಹಾದ ಕಾರ್ಟ್ ಕಾರ್ಖಾನೆ ಪೀಚ್‌ಟ್ರೀ ಸಿಟಿಯ ನೆರೆಯ ನ್ಯೂನನ್‌ನಲ್ಲಿ. ಮೂರೂ ದೊಡ್ಡ ಹೆಸರು ಒಂದೇ ರಾಜ್ಯದವು. ಅಣ್ಣನ ಮುಂದೆ ನಾಲ್ಕು ಗಾಡಿಗಳಿದ್ದವು.

ಒಂದು, ಬ್ಯಾಟರಿ ಸತ್ತ ಎಲೆಕ್ಟ್ರಿಕ್ ಕಾರ್ಟು. ಹೆಚ್ಚುಕಡಿಮೆ ಬಿಟ್ಟಿ. "ಮೋಟಾರ್ ತೆಗೆದು ಎಂಜಿನ್ ಕೂರಿಸಿದ್ರೆ ಮುಗೀತಲ್ಲ" ಅಂತ ನಾವೂ ಅಂದುಕೊಂಡೆವು. ಇದು ಗುಂಡಿ. ಎಲೆಕ್ಟ್ರಿಕ್ ಕಾರ್ಟಿನ ಆಕ್ಸಲ್ಲಿನಲ್ಲಿ ರಿವರ್ಸ್ ಗೇರೇ ಇರಲ್ಲ, ಯಾಕಂದರೆ ಮೋಟಾರನ್ನೇ ಉಲ್ಟಾ ತಿರುಗಿಸಿದರೆ ಸಾಕು. ನ್ಯೂಟ್ರಲ್ಲೂ ಇಲ್ಲ. ಪೆಟ್ರೋಲ್ ಎಂಜಿನ್ನಿಗೆ ಉಲ್ಟಾ ತಿರುಗು ಅಂದರೆ ತಿರುಗಲ್ಲ. ಪೂರ್ತಿ ಸುಳ್ಳೂ ಅಲ್ಲ ಬಿಡಿ, ತಿರುಗಿಸಿದವರಿದ್ದಾರೆ. ಹಾರ್ಲೆ ಡೇವಿಡ್‌ಸನ್ ಕಂಪನಿ 1963ರಿಂದ ಗಾಲ್ಫ್ ಕಾರ್ಟ್ ಮಾಡುತ್ತಿತ್ತು ಅಂದರೆ ನೀವು ನಂಬಲ್ಲ. ಅದರ ಟೂ ಸ್ಟ್ರೋಕ್ ಎಂಜಿನ್ ನಿಲ್ಲಿಸಿ, ಉಲ್ಟಾ ದಿಕ್ಕಿನಲ್ಲಿ ಚಾಲೂ ಮಾಡಿದರೆ ಗಾಡಿ ಹಿಂದಕ್ಕೆ ಹೋಗುತ್ತಿತ್ತು. ಟೂ ಸ್ಟ್ರೋಕಿಗೆ ವಾಲ್ವ್ ಇಲ್ಲದ್ದರಿಂದ ಆ ಆಟ ನಡೆಯಿತು. ನಮ್ಮ ಫೋರ್ ಸ್ಟ್ರೋಕ್ ಎಂಜಿನ್ನುಗಳ ಕ್ಯಾಮ್ ಶಾಫ್ಟ್ ಅದಕ್ಕೆ ಒಪ್ಪಲ್ಲ. ಬಿಟ್ಟಿ ಗಾಡಿ ಹೋಯಿತು.

ಎರಡು, ಈಝೀಗೋ ಟಿಎಕ್ಸ್‌ಟಿ. 350 ಸಿಸಿಯ ಎರಡು ಸಿಲಿಂಡರ್ ರಾಬಿನ್ ಎಂಜಿನ್ ಇನ್ನೂ ಓಡುತ್ತಿತ್ತು. ಇದರ ಫ್ರೇಮ್ ಉಕ್ಕಿನದು. ಉಕ್ಕು ಅಂದರೆ ಎಂಜಿನ್ ಮೌಂಟ್ ಬೇಕಾದ ಕಡೆ ಮನೆಯಲ್ಲೇ ವೆಲ್ಡ್ ಮಾಡಬಹುದು, ನಮಗೆ ಇದೇ ಇಷ್ಟವಾಗಿತ್ತು. ಆದರೆ ಗಾಡಿ ಸಮುದ್ರ ದಂಡೆಯ ಊರಿಂದ ಬಂದದ್ದು. ವಿಡಿಯೋ ಕಾಲಿನಲ್ಲಿ ಅಣ್ಣ ಹಿಂದಿನ ಸ್ಪ್ರಿಂಗಿನ ಹತ್ತಿರ ಸ್ಕ್ರೂಡ್ರೈವರಿನಿಂದ ಕುಟ್ಟಿ ತೋರಿಸಿದರು. ಮೊದಲು ಟಣ್ ಅಂತಿದ್ದ ಸದ್ದು ಒಂದು ಕಡೆ ಧಪ್ ಅಂತು, ಸ್ಕ್ರೂಡ್ರೈವರ್ ಒಳಗೇ ಹೋಯಿತು. ಮಂಗಳೂರು ಕಡೆಯ ನಮ್ಮ ಗೆಳತಿಗೆ ಮಾತ್ರ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಮೂರು, ಯಮಹಾ ಜಿ16. 301 ಸಿಸಿ, ನಾಲ್ಕರಲ್ಲಿ ಅತಿ ನಯವಾಗಿ ಓಡುತ್ತಿದ್ದದ್ದು. ಹಾಗೆ ಓಡುತ್ತಿದ್ದದ್ದಕ್ಕೇ ಬೆಲೆ ಜಾಸ್ತಿ. ಓಡುವ ಎಂಜಿನ್ನಿಗೆ ದುಡ್ಡು ಕೊಟ್ಟು, ಆಮೇಲೆ ಅದನ್ನೇ ಕಿತ್ತು ಹಾಕೋದು ಯಾವ ಲೆಕ್ಕ?

ನಾಲ್ಕು, ತೊಂಬತ್ತರ ದಶಕದ ಕ್ಲಬ್ ಕಾರ್ ಡಿಎಸ್. ಕವಾಸಾಕಿ ಎಫ್‌ಇ290 ಎಂಜಿನ್, ಸುಮಾರು 9 ಎಚ್‌ಪಿ ಇದ್ದದ್ದು, ಈಗ ಬರೀ ನೀಲಿ ಹೊಗೆ. ಫ್ರೇಮ್ ಅಲ್ಯುಮಿನಿಯಂ. ತುಕ್ಕಿಲ್ಲ. ವೆಲ್ಡಿಂಗ್ ಮಾತ್ರ ಕಷ್ಟ, ಟಿಗ್ ಬೇಕು, ಕೈ ಪಳಗಿರಬೇಕು. ಅಂದರೆ ಇದರಲ್ಲಿ ಬೋಲ್ಟ್ ಹಾಕಿ ಕೂರಿಸುವಂಥ ಎಂಜಿನ್ನೇ ವಾಸಿ. ಎಂಜಿನ್ ಸತ್ತಿದ್ದರಿಂದ ಬೆಲೆಯೂ ಇಳಿದಿತ್ತು. ಹಿಂದಿನ ಭಾಗವನ್ನು ಜ್ಯಾಕ್ ಮೇಲೆ ಎತ್ತಿ ಚಕ್ರ ತಿರುಗಿಸಿದಾಗ ಆಕ್ಸಲ್ಲಿನಿಂದ ಕಟಕಟ ಅನ್ನಲಿಲ್ಲ. ಎಣ್ಣೆ ತೆಗೆದರೆ ಲೋಹದ ಚೂರಿಲ್ಲ.

ಇದನ್ನೇ ತಗೊಳ್ಳಿ ಅಂದೆವು. ಓಡದ ಗಾಡಿ ತಗೊಳ್ಳಿ ಅಂತ ಹೇಳೋಕೆ ನಮಗೇ ಒಂಥರಾ ಅನ್ನಿಸಿತು. ಆದರೆ ಯೋಚಿಸಿ: ಎಂಜಿನ್ ಹೇಗೂ ಬದಲಾಗುತ್ತೆ. ಉಳಿಯೋದು ಫ್ರೇಮು, ಆಕ್ಸಲ್, ಸ್ಟೇರಿಂಗ್, ಬ್ರೇಕು. ಕೊಡೋ ದುಡ್ಡು ಉಳಿಯೋದಕ್ಕೆ ಹೋಗಬೇಕು.

ಎಂಜಿನ್ನಿನ ಎರಡನೇ ಸುತ್ತು

ಗಾಡಿ ಗೊತ್ತಾದ ಮೇಲೆ ಎಂಜಿನ್ನಿನ ಪ್ರಶ್ನೆ ತಾನಾಗೇ ಚಿಕ್ಕದಾಯಿತು. ಜಿಎಕ್ಸ್390 ತರಹದ ಹೊಸ ಎಂಜಿನ್ ಒಂದು ದಾರಿ. 389 ಸಿಸಿ, 11.7 ಎಚ್‌ಪಿ, ನಮಗೆ ಬೇಕಾದ 8ಕ್ಕೆ ಧಾರಾಳ. ಆದರೆ ಕೂರಿಸುವಾಗ ಸಣ್ಣಸಣ್ಣ ತಲೆನೋವು ಸಾಲು ಸಾಲು.

ಮೊದಲನೆಯದು ದಿಕ್ಕು. ಹೋಂಡಾ ಜಿಎಕ್ಸ್ ಸೇರಿದಂತೆ ಈ ಬಗೆಯ ಹೆಚ್ಚಿನ ಎಂಜಿನ್ನುಗಳು ಶಾಫ್ಟಿನ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗುತ್ತವೆ. ಕಾರ್ಟಿನ ಆಕ್ಸಲ್ ಕೇಳೋದೂ ಅದೇ ದಿಕ್ಕನ್ನೇ ಅಂತ ಏನೂ ಗ್ಯಾರಂಟಿ ಇಲ್ಲ. ಉಲ್ಟಾ ಆದರೆ ಲಿವರ್ ಮುಂದಕ್ಕೆ ಹಾಕಿದಾಗ ಗಾಡಿ ಹಿಂದಕ್ಕೆ. ಕೊಳ್ಳೋ ಮುಂಚೆ ಪರೀಕ್ಷೆ ಸುಲಭ: ಗಾಡಿ ಎತ್ತಿ, ಲಿವರ್ ಫಾರ್ವರ್ಡಿಗೆ ಹಾಕಿ, ಹಿಂದಿನ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ, ಚಕ್ರ ಎತ್ತ ಹೋಗುತ್ತೆ ನೋಡಿ. ಐದು ನಿಮಿಷದ ಕೆಲಸ.

ಎರಡನೆಯದು ಶಾಫ್ಟ್. ಕಾರ್ಟಿನ ಎಂಜಿನ್ನಿನ ಶಾಫ್ಟ್ ತುದಿ ಕಿರಿದಾಗುತ್ತಾ ಹೋಗುವ ಟೇಪರ್, ಪುಲ್ಲಿ ಅದರ ಮೇಲೆ ಕಚ್ಚಿಕೊಂಡು ಕೂರುತ್ತದೆ. ಹೊಸ ಎಂಜಿನ್ನಿನದು ಸಾಮಾನ್ಯವಾಗಿ ಒಂದಿಂಚಿನ ನೇರ ಶಾಫ್ಟ್, ಕೀ ಹಾಕುವಂಥದ್ದು. ಹಳೇ ಪುಲ್ಲಿ ಕೂರಲ್ಲ, ಹೊಸದು ಬೇಕು. ಹೊಸ ಪುಲ್ಲಿ ಬಂದರೆ ಬೆಲ್ಟಿನ ಗೆರೆ ಮತ್ತೆ ಹೊಂದಿಸಬೇಕು.

ಮೂರನೆಯದು ನಮಗೆ ಗೊತ್ತೇ ಇರಲಿಲ್ಲ. ಕಾರ್ಖಾನೆಯಿಂದ ಬಂದ ಪೆಟ್ರೋಲ್ ಕಾರ್ಟ್ ನಿಂತಾಗ ಎಂಜಿನ್ನೂ ನಿಲ್ಲುತ್ತೆ. ಪೆಡಲ್ ಒತ್ತಿದರೆ ಬೆಲ್ಟಿನ ಮೂಲಕ ಸ್ಟಾರ್ಟರ್ ಜನರೇಟರ್ ಅದನ್ನು ಎಬ್ಬಿಸುತ್ತೆ, ಕಾಲು ತೆಗೆದರೆ ನಿಲ್ಲಿಸುತ್ತೆ. ಇಂದಿನ ಕಾರುಗಳ ಸ್ಟಾರ್ಟ್ ಸ್ಟಾಪ್ ಇದೆಯಲ್ಲ, ಅದನ್ನು ಕಾರ್ಟುಗಳು ಎಂದೋ ಮಾಡಿವೆ. ಹೊಸ ಎಂಜಿನ್ ಹಾಗಲ್ಲ, ಕೀ ತಿರುಗಿಸಿದ ಮೇಲೆ 1400 ಆರ್‌ಪಿಎಂನಲ್ಲಿ ಗುರ್ ಅಂತಲೇ ಇರುತ್ತೆ. ಹಳೇ ಪುಲ್ಲಿಯ ಸ್ಪ್ರಿಂಗ್ ಅಷ್ಟಕ್ಕೇ ಬೆಲ್ಟ್ ಹಿಡಿದರೆ ನಿಂತ ಗಾಡಿ ತೆವಳುತ್ತೆ. ಅಮ್ಮ ಒಂದು ಕಾಲು ಒಳಗಿಟ್ಟು ಹತ್ತುತ್ತಿರುವಾಗ ಗಾಡಿ ತೆವಳೋದು ಬೇಡ.

ಗವರ್ನರ್ ವಿಷಯವೂ ಹೀಗೇ. ಕಾರ್ಟಿನ ಸ್ವಂತ ಗವರ್ನರ್ ಅಳೆಯೋದು ಗಾಡಿಯ ವೇಗವನ್ನು, ಅದು ಆಕ್ಸಲ್ಲಿನ ಕಡೆಯಿಂದ ಥ್ರಾಟಲ್ ಎಳೆಯುತ್ತೆ. ಜನರೇಟರ್ ಎಂಜಿನ್ನಿನದು ಅಳೆಯೋದು ಎಂಜಿನ್ನಿನ ಆರ್‌ಪಿಎಂ. ಎರಡನ್ನೂ ಒಂದೇ ಪೆಡಲಿಗೆ ಕಟ್ಟೋಕಾಗಲ್ಲ. "ಹಾಗಾದ್ರೆ ಗವರ್ನರ್ ತೆಗೆದುಬಿಟ್ರೆ?" ಅಂದ ನಮ್ಮಲ್ಲೊಬ್ಬ. ತೆಗೆದರೆ 3600ರ ಬದಲು 5000 ತಿರುಗಬಹುದು. ಕನೆಕ್ಟಿಂಗ್ ರಾಡಿನ ಮೇಲಿನ ಜಡತ್ವದ ಎಳೆತ ಆರ್‌ಪಿಎಂನ ವರ್ಗದ ಲೆಕ್ಕದಲ್ಲಿ ಏರುತ್ತೆ, ಅಂದರೆ 1.93 ಪಟ್ಟು. 3600ಕ್ಕೆ ಅಂತ ಎರಕ ಹೊಯ್ದ ರಾಡು, ಫ್ಲೈವೀಲ್ ಅದು. ಒಡೆದರೆ ಚೂರು ಹಾರೋದು ಸೀಟಿನ ಕೆಳಗಿನಿಂದ. ಆ ಮಾತು ಅಲ್ಲಿಗೇ ನಿಂತಿತು. ತಿರುಗಿಸಲೇಬೇಕಾದರೆ ಗವರ್ನರಿನ ಸ್ಕ್ರೂವನ್ನು ಇನ್ನೊಂದು ಕಡೆಗೆ ತಿರುಗಿಸಿ 3000ಕ್ಕೆ ನಿಲ್ಲಿಸಬಹುದು. 18 ಇಂಚಿನ ಟೈರಿಗೆ ಆಗ ಬರೋದು 23.5 ಕಿ.ಮೀ., ಮಾನದಂಡದ 24ರ ಒಳಗೆ. ಶಕ್ತಿ ಆಗಲೂ 6 ಕಿಲೋವ್ಯಾಟಿಗಿಂತ ಮೇಲೇ ಇರುತ್ತೆ.

ಇಷ್ಟೆಲ್ಲ ಬರೆದು ಕಳಿಸಿದ ಮೇಲೆ ನಮ್ಮ ಥರ್ಮಲ್ ಲ್ಯಾಬಿನ ಮೇಷ್ಟ್ರಿಗೂ ತೋರಿಸಿದೆವು. ಅವರು ಪೂರ್ತಿ ಓದಿ, "ಎಲ್ಲ ಸರಿ ಕಣಪ್ಪಾ, ಅದೇ ಗಾಡಿಗೆ ಅದೇ ಕಂಪನಿಯವರು ಆಮೇಲೆ ಯಾವ ಎಂಜಿನ್ ಹಾಕಿದ್ರು ಅಂತ ನೋಡಿದ್ರಾ?" ಅಂದರು. ಮತ್ತೆ ನೋಡಿರಲಿಲ್ಲ.

ಆಮೇಲೆ ಡಿಎಸ್‌ನಲ್ಲಿ ಬಂದದ್ದು ಕವಾಸಾಕಿಯ ಎಫ್‌ಇ350. ಸುಮಾರು 11 ಎಚ್‌ಪಿ, ಅಂದರೆ 8 ಕಿಲೋವ್ಯಾಟ್ ಮೇಲೆ. ಅದೇ ಮನೆತನದ್ದು. ಹಳೆಯದರ ಜಾಗದಲ್ಲೇ ಸಣ್ಣಪುಟ್ಟ ಬದಲಾವಣೆಯೊಂದಿಗೆ ಕೂರುತ್ತದೆ. ದಿಕ್ಕು ಅದೇ, ಟೇಪರ್ ಶಾಫ್ಟ್, ಸ್ಟಾರ್ಟರ್ ಜನರೇಟರ್, ಗಾಡಿಯ ವೇಗ ಅಳೆಯುವ ಗವರ್ನರ್ ಎಲ್ಲ ಉಳಿಯುತ್ತೆ. ನಿಂತಾಗ ಎಂಜಿನ್ ನಿಲ್ಲುತ್ತೆ, ತೆವಳಲ್ಲ. ನಾವು ಎರಡು ವಾರ ತಲೆ ಕೆಡಿಸಿಕೊಂಡು ಪಟ್ಟಿ ಮಾಡಿದ ತಲೆನೋವುಗಳಲ್ಲಿ ಒಂದೂ ಉಳಿಯಲ್ಲ. ಹಳೇ ಎಂಜಿನ್ ಆದ್ದರಿಂದ ಕಂಪ್ರೆಷನ್ ನೋಡಿ ತಗೋಬೇಕು, ಅಷ್ಟೇ.

ನಿಜ ಹೇಳಬೇಕಂದರೆ ನಮಗೆ ಬೇಜಾರಾಯಿತು. ನಾವೇ ಡಿಸೈನ್ ಮಾಡಿದ ಮೌಂಟು, ನಾವೇ ಆರಿಸಿದ ಪುಲ್ಲಿ, ಕ್ಯಾಡ್ ಡ್ರಾಯಿಂಗ್ ಎಲ್ಲ ಅರ್ಧ ಆಗಿತ್ತು. "ಕಸ್ಟಮ್ ಗಾಡಿ ಅಂತ ಹೇಳಿ ಕಂಪನಿ ಎಂಜಿನ್ನೇ ಹಾಕೋದಾ?" ಅಂತ ಒಬ್ಬಳು ಕೊನೆವರೆಗೂ ಜಗಳ ಆಡಿದಳು. ಅವಳ ವಾದದಲ್ಲಿ ಹುರುಳಿತ್ತು. ಹೊಸ ಎಂಜಿನ್ನಿಗೆ ಬಿಡಿಭಾಗ ಸುಲಭ, ವಾರಂಟಿ ಇರುತ್ತೆ, ಹಳೇ ಎಫ್‌ಇ350 ಎಷ್ಟು ವರ್ಷ ದುಡಿದಿದೆಯೋ ಯಾರಿಗೆ ಗೊತ್ತು. ಒಳ್ಳೇ ಹಳೇ ಎಂಜಿನ್ ಸಿಗದಿದ್ದರೆ ಜಿಎಕ್ಸ್390, ಗವರ್ನರ್ ಉಳಿಸಿಕೊಂಡು, ಗಡಸು ಸ್ಪ್ರಿಂಗ್ ಹಾಕಿ, ಅನ್ನೋ ಅವಳ ಸಾಲನ್ನು ನಮ್ಮ ವರದಿಯಲ್ಲಿ ಹಾಗೇ ಉಳಿಸಿದೆವು.

ಅಣ್ಣ ಡಿಎಸ್ ಕೊಂಡರು. ಅಪಘಾತದಲ್ಲಿ ಮುಂಭಾಗ ನಜ್ಜುಗುಜ್ಜಾದ ಇನ್ನೊಂದು ಕಾರ್ಟಿನಿಂದ ಎಫ್‌ಇ350 ಒಂದು ಸಿಕ್ಕಿದೆ, ಕಂಪ್ರೆಷನ್ ಚೆನ್ನಾಗಿದೆ, ಇನ್ನೂ ಶೆಡ್ಡಿನ ಮೂಲೆಯಲ್ಲಿ ಹಲಗೆಯ ಮೇಲೆ ಕೂತಿದೆ. ಹೋದ ಭಾನುವಾರ ಕಳಿಸಿದ ಫೋಟೋದಲ್ಲಿ ಗಾಡಿಯ ಹಿಂಭಾಗ ಜ್ಯಾಕ್ ಮೇಲಿತ್ತು, ಎರಡೂ ಡ್ರಮ್ ಬಿಚ್ಚಿತ್ತು, ಪಕ್ಕದಲ್ಲಿ ಹೊಸ ಬ್ರೇಕ್ ಶೂ ಮತ್ತು ಕೇಬಲ್ಲಿನ ಪ್ಯಾಕೆಟ್. ಕೆಳಗೆ ಬರೆದಿದ್ದರು: "ಇದು ಮುಗೀಲಿ, ಆಮೇಲೆ ಎಂಜಿನ್. ಅಮ್ಮನ ಟಿಕೆಟ್ ಮುಂದಿನ ತಿಂಗಳಿಗೆ."